ಮೆಸ್ ಕೂಪನ್ ಹೋಯ್ತು, ಕಾರ್ಡ್ ಬಂತು: ಕ್ಲಾಸಿಕ್ 1ಕೆ ಜೊತೆ ನನ್ನ ಅನುಭವ

"ಕ್ಲಾಸಿಕ್ ಕಾರ್ಡಿನ್ಯಾಗ ರೊಕ್ಕ ಇಡ್ತೀಯಾ? ತಲಿ ಕೆಟ್ಟೈತೇನು?" ನಮ್ಮ ಐಡಿ ಕಾರ್ಡ್ ಲೈನಿನ ಗೆಳೆಯರು ಕೇಳಿದ್ದು ಇದನ್ನೇ. ಕ್ಲಾಸಿಕ್ ಅಂದರೆ ಮೈಫೇರ್ ಕ್ಲಾಸಿಕ್ 1ಕೆ, ರೀಡರ್ ಹತ್ತಿರ ಹಿಡಿದರೆ ಓದುವ ಚಿಪ್ ಕಾರ್ಡ್. ಮೆಸ್ ಕೂಪನ್ ಬದಲು ಊಟದ ದುಡ್ಡನ್ನು ಅದರಲ್ಲೇ ಇಡಲು ಹೊರಟಿದ್ದೆ. ಈಗ ಧಾರವಾಡದ ಒಂದು ಹಾಸ್ಟೆಲ್ ಮೆಸ್‌ನಲ್ಲಿ ಮುನ್ನೂರರ ಹತ್ತಿರ ಹುಡುಗರು ಅದೇ ಕಾರ್ಡ್ ತೋರಿಸಿ ಊಟ ಮಾಡುತ್ತಿದ್ದಾರೆ. ಒಂದು ಸೆಮಿಸ್ಟರ್ ದಾಟಿತು, ಲೆಕ್ಕ ತಪ್ಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೆಳೆಯರು ಹೇಳಿದ್ದು ಸುಳ್ಳೇನಲ್ಲ. ಈ ಕಾರ್ಡಿನ ಗುಪ್ತಲಿಪಿ ಕ್ರಿಪ್ಟೊ-1 ಒಡೆದದ್ದು 2008ರಲ್ಲೇ ಊರಿಗೆಲ್ಲ ಗೊತ್ತಾಗಿದೆ. ಅದಕ್ಕಿಂತ ಭದ್ರವಾದ ಡೆಸ್‌ಫೈರ್ ಕಾರ್ಡ್ ತಗೋ ಅಂದರು. ರೇಟ್ ಕೇಳಿದ ಮೆಸ್ ಮಾಲೀಕರು, "ಊಟಕ್ಕಿಂತ ಕಾರ್ಡೇ ತುಟ್ಟಿ ಆದ್ರ ಹೆಂಗ್ರಿ ಸರ?" ಅಂದರು. ಅಲ್ಲಿಗೆ ಮಾತು ಮುಗಿಯಿತು. ನಾನು ಬೇರೆ ಕಡೆಯಿಂದ ಯೋಚಿಸಿದೆ. ಕಾರ್ಡಿನಲ್ಲಿ 500 ರೂಪಾಯಿಗಿಂತ ಹೆಚ್ಚು ಇಡಲು ಬಿಡಲ್ಲ. ಪ್ರತಿ ಊಟ, ಪ್ರತಿ ರೀಚಾರ್ಜ್ ಕೌಂಟರಿನ ಪಿಸಿಯಲ್ಲೂ ದಾಖಲಾಗುತ್ತದೆ. ರಾತ್ರಿ ಪಿಸಿ ತನ್ನ ಲೆಕ್ಕವನ್ನೂ ಕಾರ್ಡಿನಲ್ಲಿ ಕಂಡ ಬ್ಯಾಲೆನ್ಸನ್ನೂ ತಾಳೆ ನೋಡುತ್ತದೆ. ಯಾರಾದರೂ ಕಾರ್ಡ್ ನಕಲು ಮಾಡಿದರೆ ಒಂದು ದಿನದ ಊಟ ಪುಕ್ಕಟೆ ಸಿಗಬಹುದು, ಮರುದಿನ ಕಾರ್ಡ್ ಬ್ಲಾಕ್.

ಕಾರ್ಡ್ ಓದಿ ಬರೆಯುವ ರೀಡರ್ ನಮ್ಮ ಲೈನಿನಲ್ಲಿ ಎಲ್ಲರ ಬಳಿ ಇರುವ ಎಸಿಆರ್122ಯು. ಜೊತೆಗೆ ಸಿಗುವ ಸಾಫ್ಟ್‌ವೇರಿನಲ್ಲಿ ಕಾರ್ಡ್ ಮೆಮೊರಿಯ ಒಂದೊಂದೇ ಬ್ಲಾಕ್ (16 ಬೈಟಿನ ತುಂಡು) ಟೈಪ್ ಮಾಡಬೇಕು. ಮುನ್ನೂರು ಕಾರ್ಡಿಗೆ ಅದು ಆಗುವ ಮಾತಲ್ಲ. ಪೈಸ್ಕಾರ್ಡ್ ಎಂಬ ಪೈಥಾನ್ ಲೈಬ್ರರಿ ಹಾಕಿಕೊಂಡು ಒಂದು ಸಣ್ಣ ವಿಂಡೋ ಮಾಡಿದೆ. ಎಕ್ಸೆಲ್‌ನಿಂದ ರೋಲ್ ನಂಬರ್ ಎತ್ತುತ್ತದೆ, ಬರೆಯುತ್ತದೆ, ಮತ್ತೆ ಓದಿ ನೋಡುತ್ತದೆ, ಬೀಪ್ ಹೊಡೆಯುತ್ತದೆ. ಕಾರ್ಡಿಗೆ ಮೂರ್ನಾಲ್ಕು ಸೆಕೆಂಡ್. ಲಿನಕ್ಸ್ ಇರುವವರು ಪಿಎನ್533, ಪಿಎನ್533_ಯುಎಸ್‌ಬಿ ಎಂಬ ಡ್ರೈವರ್ ಮಾಡ್ಯೂಲ್‌ಗಳು ತಾವಾಗಿ ಲೋಡ್ ಆಗದಂತೆ ಮೊದಲೇ ಬ್ಲ್ಯಾಕ್‌ಲಿಸ್ಟ್ ಮಾಡಿ. ಇಲ್ಲದಿದ್ದರೆ ಅವೇ ರೀಡರನ್ನು ಹಿಡಿದುಕೊಂಡು ಕೂರುತ್ತವೆ, ನೀವು ಕೇಬಲ್ ಬದಲಿಸುತ್ತಾ ಇರುತ್ತೀರಿ.

ಅಸಲು ಕೆಲಸ ಇರುವುದು ಟ್ರೇಲರ್‌ನಲ್ಲಿ. ಕಾರ್ಡ್ ಮೆಮೊರಿ ನಾಲ್ಕು ನಾಲ್ಕು ಬ್ಲಾಕ್‌ಗಳ ಸೆಕ್ಟರ್‌ಗಳಾಗಿರುತ್ತದೆ, ಪ್ರತಿ ಸೆಕ್ಟರಿನ ಕೊನೆಯ ಬ್ಲಾಕೇ ಟ್ರೇಲರ್. ಕೀ ಎ, ಕೀ ಬಿ ಎಂಬ ಎರಡು ಗುಪ್ತ ಕೀ ಮತ್ತು ಯಾವ ಕೀಗೆ ಏನು ಅನುಮತಿ ಎಂದು ಹೇಳುವ ಮೂರು ಬೈಟ್ ಅಲ್ಲಿರುತ್ತವೆ. ಫ್ಯಾಕ್ಟರಿಯ ಎಫ್‌ಎಫ್ 07 80 ಹಾಗೇ ಬಿಟ್ಟರೆ ಕೀ ಎ ಇದ್ದವನು ಕೀ ಬಿಯನ್ನು ಓದಿಬಿಡುತ್ತಾನೆ. ಆಗ ಕೀ ಬಿ ಇದ್ದೂ ಇಲ್ಲದ ಹಾಗೆ. ನಾನು ಹಾಕಿದ್ದು 08 77 8ಎಫ್. ಆಗ ಉಳಿದ ಮೂರೂ ಬ್ಲಾಕ್‌ನಲ್ಲಿ ಕೀ ಎ ಬಳಸಿ ಓದಬಹುದು, ಕಳೆಯಬಹುದು, ಪಕ್ಕದ ಬ್ಲಾಕಿಗೆ ಕಾಪಿ ಮಾಡಬಹುದು, ಅಷ್ಟೇ. ಕೂಡಿಸಲು ಕೀ ಬಿ ಬೇಕೇ ಬೇಕು. ಅಡುಗೆಮನೆ ಕೌಂಟರಿನ ಪಿಸಿಗೆ ಕೀ ಎ ಮಾತ್ರ ಗೊತ್ತು, ಕೀ ಬಿ ಇರುವುದು ಆಫೀಸಿನಲ್ಲಿ. ಬ್ಯಾಲೆನ್ಸನ್ನು ಸುಮ್ನೆ ಡೇಟಾ ಎಂದು ಬರೆಯದೆ, ಕಾರ್ಡೇ ಕೂಡಿಸಿ ಕಳೆಯುವ ವ್ಯಾಲ್ಯೂ ಬ್ಲಾಕ್ ಮಾಡಿ. 50 ರೂಪಾಯಿ (ಹೆಕ್ಸ್‌ನಲ್ಲಿ 32) ಬ್ಲಾಕ್‌ನಲ್ಲಿ 32 00 00 00 ಎಂದು ಉಲ್ಟಾ ಕೂತಿರುತ್ತದೆ, ರೀಡರ್ ಕಮಾಂಡಿಗೆ ಮಾತ್ರ 00 00 00 32 ಎಂದು ನೆಟ್ಟಗೆ ಕೊಡಬೇಕು. ಕಾರ್ಡ್ ತಯಾರಾದ ಮೇಲೆ ನನ್ನ ಪರೀಕ್ಷೆ ಒಂದೇ. ಕೀ ಎ ಹಾಕಿ ಒಂದು ರೂಪಾಯಿ ಕೂಡಿಸಲು ನೋಡುತ್ತೇನೆ. 63 00 (ಆಗಲಿಲ್ಲ) ಬಂದರೆ ಪಾಸ್, 90 00 (ಆಯಿತು) ಬಂದರೆ ಆ ಕಾರ್ಡ್ ಪಕ್ಕಕ್ಕೆ.

ಹುಡುಗರು ಅರ್ಧಕ್ಕೇ ಕಾರ್ಡ್ ಎಳೆದುಕೊಳ್ಳುತ್ತಾರೆ. ಅದಕ್ಕೆ ಕಳೆಯುವ ಮೊದಲು ಪಕ್ಕದ ಬ್ಲಾಕಿಗೆ ಒಂದು ಕಾಪಿ ಹೋಗುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು ಎನ್ನುವ ಲೆಕ್ಕ, ಕಾರ್ಡಿನ ಸ್ವಂತ ನಂಬರ್ ಆದ ಯುಐಡಿಯಿಂದ ಒಂದೊಂದು ಕಾರ್ಡಿಗೆ ಒಂದೊಂದು ಕೀ ಹುಟ್ಟಿಸುವ ರೀತಿ, ಇವೆರಡನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು ಸ್ವಾಮಿ.

ದುಡ್ಡು ಹೋದದ್ದು ಸಾಫ್ಟ್‌ವೇರಿಗಲ್ಲ. ಮೊದಲ ಬಂಡಲ್‌ನಲ್ಲಿ ಅರ್ಧದಷ್ಟು 125 ಕಿಲೋಹರ್ಟ್ಸ್ ಕಾರ್ಡ್ ಬಂದವು, ಅವನ್ನು ಈ ರೀಡರ್ ಓದುವುದೇ ಇಲ್ಲ. ನೋಡಲು ಎರಡೂ ಒಂದೇ ಬಿಳಿ ಪ್ಲಾಸ್ಟಿಕ್, ಮಾರಿದವನು ಫೋನ್ ಎತ್ತಲಿಲ್ಲ. ಸಾವಿರದ ಮೇಲೆ ನೀರಿಗೆ. ಈಗ ಬಂಡಲ್ ಬಿಚ್ಚಿದ ಕೂಡಲೇ ಎಲ್ಲವನ್ನೂ ಒಮ್ಮೆ ರೀಡರ್ ಮೇಲೆ ಇಟ್ಟು ನೋಡುತ್ತೇನೆ. ಆಮೇಲೆ ಹಾಸ್ಟೆಲ್‌ನವರು ಟ್ಯಾಗ್ ಹಾಕಲೆಂದು ತಾವೇ ಪಂಚಿಂಗ್ ಮಷಿನ್ ತಂದು ತೂತು ಹೊಡೆದರು. ಕಾರ್ಡಿನ ಅಂಚಿನಲ್ಲೇ ಆಂಟೆನಾ ಸುತ್ತು ಓಡುತ್ತದೆ, ಅಲ್ವಾ? ನಲವತ್ತೋ ಐವತ್ತೋ ಕಾರ್ಡ್ ಸತ್ತವು. ಆ ದುಡ್ಡು ಅವರೇ ಕೊಟ್ಟರು, ಆದರೆ ಬರೆಯುವ ಕೆಲಸ ಮತ್ತೆ ನನಗೇ. ಈಗ ಪ್ಲಾಸ್ಟಿಕ್ ಹೋಲ್ಡರ್ ಸೇರಿಸಿಯೇ ಬಿಲ್ ಮಾಡುತ್ತೇನೆ.

ಮತ್ತೊಂದು ತಲೆನೋವು ಕೌಂಟರು. ಅಂಗಡಿಯಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ದೂರದಿಂದ ಓದುತ್ತಿದ್ದ ರೀಡರ್ ಮೆಸ್‌ನ ಸ್ಟೀಲ್ ಟೇಬಲ್ ಮೇಲೆ ಕಾರ್ಡ್ ಅಂಟಿಸಿದರೂ ಓದಲಿಲ್ಲ. ಲೋಹ ಫೀಲ್ಡನ್ನು ತಿಂದುಹಾಕುತ್ತದೆ. ಲೋಹದ ಕಾಟ ತಡೆಯುವ ಫೆರೈಟ್ ಶೀಟ್ ತರಿಸುವಷ್ಟರಲ್ಲಿ ಅಡುಗೆಯವರು ಒಳಗಿನಿಂದ ಒಂದು ಹಳೇ ಚಪಾತಿ ಮಣೆ ತಂದು ಕೊಟ್ಟರು. ರೀಡರ್ ಇವತ್ತಿಗೂ ಅದರ ಮೇಲೇ ಇದೆ. ಶೀಟಿನ ದುಡ್ಡು ಉಳಿಯಿತು.

ಸತ್ತ ಕಾರ್ಡ್ ಎಸೆಯಲು ಮನಸ್ಸಾಗದೆ ಕೆಲವನ್ನು ಅಸಿಟೋನ್‌ನಲ್ಲಿ ನೆನೆಸಿದೆ. ಪದರ ಬಿಟ್ಟು ಕಾಯಿಲ್, ಚಿಪ್ ಹೊರಗೆ ಬಂದವು. ತುಂಡಾದ ತಂತಿಗೆ ಬೆಸುಗೆ ಹಾಕಿ ಮರದ ಕೀಚೈನ್‌ನಲ್ಲಿ ಕೂರಿಸಿದರೆ ಒಂದೆರಡು ಮತ್ತೆ ಓದಿದವು. ವ್ಯಾಪಾರಕ್ಕೆ ಬರಲ್ಲ, ಮಗಳ ಸ್ಕೂಲ್ ಬ್ಯಾಗಿಗೆ ಚೆನ್ನಾಗಿದೆ. ಮೊಬೈಲ್‌ನಲ್ಲೇ ಬ್ಯಾಲೆನ್ಸ್ ತೋರಿಸುವ ಪ್ರಯೋಗವನ್ನು ಕೈಬಿಟ್ಟೆ. ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿ ಇಲ್ಲ, ಇದ್ದವೂ ಎಲ್ಲವೂ ಕ್ಲಾಸಿಕ್ ಓದುವುದಿಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಕಾರ್ಡ್ ಇಪ್ಪತ್ತರ ಆಸುಪಾಸು, ರೀಡರ್ ಎರಡಕ್ಕೆ ಆರು ಸಾವಿರ ಚಿಲ್ಲರೆ, ಪಿಸಿ ಅವರದೇ ಹಳೆಯದು. ಕಾರ್ಡಿಗೆ ಅರವತ್ತರಂತೆ ಬಿಲ್ ಹಾಕಿದೆ. ಬೇರೆಯವರು ಇದೇ ಕೆಲಸಕ್ಕೆ ಎಂಬತ್ತು ಸಾವಿರದ ಹತ್ತಿರ ಕೊಟೇಶನ್ ಕೊಟ್ಟಿದ್ದರು. ನನ್ನದು ಅದರ ಅರ್ಧಕ್ಕೂ ಕಡಿಮೆ. ಈಗ ಪಕ್ಕದ ಹಾಸ್ಟೆಲ್‌ನವರಿಗೆ ಇದೇ ಕಾರ್ಡಿನಲ್ಲಿ ಗೇಟೂ ತೆರೆಯಬೇಕಂತೆ. ಗೇಟಿಗೆ ಬೇರೆ ಸೆಕ್ಟರ್, ಬೇರೆ ಕೀ, ರೇಟೂ ಬೇರೆ.