ಕಾರಿನ ಒಂದು ತಂತಿಯನ್ನೂ ಕತ್ತರಿಸದೆ: ಸ್ಪೋರ್ಟ್ಸ್ ಕಾರಿಗೆ ಟಚ್‌ಸ್ಕ್ರೀನ್ ಕೂರಿಸಿದ ನನ್ನ ಅನುಭವ

ನನ್ನ ಬಳಿ ಇರುವುದು 2013ರ ಸಯಾನ್ ಎಫ್‌ಆರ್-ಎಸ್. ಟೊಯೋಟಾ ಮತ್ತು ಸುಬಾರು ಕೂಡಿ ರೂಪಿಸಿ, ಜಪಾನಿನ ಗುನ್ಮಾ ಪ್ರಾಂತ್ಯದ ಸುಬಾರು ಕಾರ್ಖಾನೆಯಲ್ಲಿ ಕಟ್ಟಿದ ಈ ಎರಡು ಬಾಗಿಲಿನ ಕಾರು ಬೇರೆ ದೇಶಗಳಲ್ಲಿ ಟೊಯೋಟಾ 86 ಎಂದೂ, ಅಮೆರಿಕವೂ ಸೇರಿದಂತೆ ಹಲವೆಡೆ ಸುಬಾರು ಬಿಆರ್‌ಝಡ್ ಎಂದೂ ಮಾರಾಟವಾಯಿತು. ಅಮೆರಿಕದಲ್ಲಿ ಟೊಯೋಟಾದ ಸಯಾನ್ ಎಂಬ ಬ್ರ್ಯಾಂಡೇ 2016ರಲ್ಲಿ ಮುಚ್ಚಿತು. ಎರಡು ಲೀಟರಿನ ಬಾಕ್ಸರ್ ಎಂಜಿನ್, 200 ಅಶ್ವಶಕ್ತಿ, ಹಿಂದಿನ ಚಕ್ರಗಳಿಗೆ ಚಾಲನೆ, ಕೈಯಲ್ಲೇ ಬದಲಿಸುವ ಆರು ಗೇರು. ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದನ್ನು ಚಾಲಕನ ಕಿವಿಗೆ ಮುಟ್ಟಿಸಲೆಂದೇ ಒಂದು ಕೊಳವೆಯನ್ನು ಇಟ್ಟಿರುವ ತಯಾರಕರು ಸ್ಟೀರಿಯೋದ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ನಕ್ಷೆಯಿಲ್ಲ, ಐಫೋನಿನ ನಕ್ಷೆ, ಹಾಡುಗಳನ್ನು ಕಾರಿನ ಪರದೆಯಲ್ಲಿ ತೋರಿಸುವ ಕಾರ್‌ಪ್ಲೇ ಇಲ್ಲ, ರಿವರ್ಸ್ ಕ್ಯಾಮೆರಾ ಇಲ್ಲ. ಹತ್ತು ಸಾವಿರ ಪೌಂಡಿಗಿಂತ ಹಗುರವಾದ ಹೊಸ ವಾಹನಗಳಿಗೆಲ್ಲ ಕ್ಯಾಮೆರಾ ಕಡ್ಡಾಯವೆಂಬ ಅಮೆರಿಕದ ನಿಯಮ ಪೂರ್ತಿ ಜಾರಿಗೆ ಬಂದದ್ದೇ 2018ರ ಮೇ ತಿಂಗಳಲ್ಲಿ; ನನ್ನ ಕಾರು ಅದಕ್ಕೂ ಐದು ವರ್ಷ ಹಿಂದಿನದು.

ಆ ರೇಡಿಯೋ ತೆಗೆದು ಟಚ್‌ಸ್ಕ್ರೀನ್ ಕೂರಿಸುವ ಕೆಲಸವನ್ನು ಅಂಗಡಿಗೆ ಒಪ್ಪಿಸದೆ ನಾನೇ ಕೈಗೆತ್ತಿಕೊಂಡದ್ದಕ್ಕೆ ಹಣ ಉಳಿಸುವ ಆಸೆಗಿಂತ ಹಳೆಯದೊಂದು ಕಹಿ ಕಾರಣ. ಬಹಳ ವರ್ಷಗಳ ಹಿಂದೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯ ಮುಂದೆ ನಮ್ಮ ತಂದೆಯವರ ಮಾರುತಿ 800 ಕಾರಿಗೆ ಅರ್ಧ ಗಂಟೆಯಲ್ಲಿ ಸ್ಟೀರಿಯೋ ಕೂರಿಸಿಕೊಟ್ಟಿದ್ದರು. ಹುಡುಗ ಹಲ್ಲಿನಲ್ಲೇ ತಂತಿಯ ತೊಗಟೆ ಸುಲಿದು, ಎರಡು ತುದಿಗಳನ್ನು ಹೊಸೆದು, ಕಪ್ಪು ಟೇಪು ಸುತ್ತಿದ್ದನ್ನು ನಾನು ಬೆರಗಿನಿಂದ ನೋಡಿದ್ದೆ. ಎರಡನೆಯ ಬೇಸಗೆಗೆ ಟೇಪಿನ ಅಂಟು ಕರಗಿ, ಎರಡು ತಂತಿ ಒಂದಕ್ಕೊಂದು ತಾಗಿ, ಫ್ಯೂಸು ಸುಟ್ಟು, ಆ ರೇಡಿಯೋ ಮತ್ತೆ ಹಾಡಲೇ ಇಲ್ಲ. ಆದ್ದರಿಂದ ಈ ಸಲ ನಾನು ಹಾಕಿಕೊಂಡ ನಿಯಮ ಒಂದೇ: ಕಾರಿನ ಜೊತೆಗೆ ಕಾರ್ಖಾನೆಯಿಂದ ಬಂದ ಒಂದು ತಂತಿಯನ್ನೂ ಕತ್ತರಿಸಬಾರದು, ಮತ್ತು ಬೇಕೆಂದಾಗ ಹಳೆಯ ರೇಡಿಯೋವನ್ನು ಒಂದು ಗಂಟೆಯೊಳಗೆ ಅದರ ಜಾಗದಲ್ಲಿ ಮತ್ತೆ ಕೂರಿಸುವಂತಿರಬೇಕು.

ಮೊದಲು ಅಳತೆಯ ಮಾತು. ಕಾರ್ ರೇಡಿಯೋದ ಮುಖಕ್ಕೆ ಜರ್ಮನಿಯ ಮಾನಕ ಸಂಸ್ಥೆ ಗೊತ್ತುಮಾಡಿದ ಅಳತೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದಲೇ ಅದಕ್ಕೆ ಡಿನ್ ಎಂಬ ಹೆಸರು ಬಂತು. ಎತ್ತರ ಎರಡರಷ್ಟಾದರೆ ಡಬಲ್ ಡಿನ್. ಆದರೆ ಟೊಯೋಟಾದ ಕಿಂಡಿ ಅದಕ್ಕಿಂತ ಅಗಲ, 200 ಮಿಲಿಮೀಟರ್. ಮಾಮೂಲಿ ಡಬಲ್ ಡಿನ್ ಯೂನಿಟ್ಟನ್ನು ಅಲ್ಲಿ ಕೂರಿಸಿದರೆ ಎಡಬಲಕ್ಕೆ ಹತ್ತತ್ತು ಮಿಲಿಮೀಟರ್ ಸಂದು ಉಳಿಯುತ್ತದೆ, ಅದನ್ನು ಮುಚ್ಚಲು ಎರಡು ಪ್ಲಾಸ್ಟಿಕ್ ಪಟ್ಟಿಗಳು ಬೇಕು. ಕೆಲವೇ ಡಾಲರಿನ ಈ ಪಟ್ಟಿಗಳನ್ನು ಮರೆತವರ ಕಾರಿನಲ್ಲಿ ಮುನ್ನೂರು ಡಾಲರಿನ ಪರದೆ ಅಳತೆ ತಪ್ಪಿದ ಕಿಟಕಿಯ ಹಾಗೆ ಕಾಣುತ್ತದೆ.

ಯೂನಿಟ್ಟಿನ ಆಯ್ಕೆಯಲ್ಲಿ ನಾನು ಪರದೆಯ ಇಂಚುಗಳನ್ನು ನೋಡಲಿಲ್ಲ. ನಾನಿರುವುದು ಮಿಷಿಗನ್ನಿನಲ್ಲಿ, ಚಳಿಗಾಲದಲ್ಲಿ ಕಾರಿನಲ್ಲಿ ಕೂತ ಮೊದಲ ಹತ್ತು ನಿಮಿಷ ಕೈಗವಸು ತೆಗೆಯುವ ಮಾತೇ ಇಲ್ಲ. ಬೆರಳಿನ ವಿದ್ಯುದಂಶವನ್ನು ಗ್ರಹಿಸುವ ಕೆಪ್ಯಾಸಿಟಿವ್ ಪರದೆ ಮೃದುವಾದ ಸ್ಪರ್ಶಕ್ಕೇ ಸ್ಪಂದಿಸುತ್ತದಾದರೂ ಉಣ್ಣೆಯ ಕೈಗವಸಿಗೆ ಕಲ್ಲಿನಂತೆ ಸುಮ್ಮನಿರುತ್ತದೆ. ಒತ್ತಡಕ್ಕೆ ಸ್ಪಂದಿಸುವ ರೆಸಿಸ್ಟಿವ್ ಪರದೆ ಕೈಗವಸಿಗೂ ಸೈ, ಆದರೆ ಪ್ರತಿ ಸಲವೂ ಗಟ್ಟಿಯಾಗಿ ಒತ್ತಬೇಕು. ನಾನು ಕೆಪ್ಯಾಸಿಟಿವ್ ಪರದೆಯನ್ನೇ ಆರಿಸಿದೆ, ಆದರೆ ಧ್ವನಿಯನ್ನು ಏರಿಸಿ ಇಳಿಸಲು ಕೈಗೆ ಸಿಗುವ ನಿಜವಾದ ಗುಂಡಿಗಳಿರುವ ಮಾದರಿಯನ್ನೇ ಹುಡುಕಿದೆ. ನನ್ನ ಕಾರಿನ ಸ್ಟೀರಿಂಗಿನಲ್ಲಿ ಸ್ಟೀರಿಯೋದ ಗುಂಡಿಗಳಿಲ್ಲ, ಮತ್ತು ತಿರುವಿನಲ್ಲಿ ಎರಡನೆಯ ಗೇರಿಗೆ ಇಳಿಯುವ ಹೊತ್ತಿನಲ್ಲಿ ಪರದೆಯ ಮೇಲೆ ಒಂದು ಚಿತ್ರವನ್ನು ಹುಡುಕಿ ಮುಟ್ಟುವುದು ಬುದ್ಧಿವಂತರ ಲಕ್ಷಣವಲ್ಲ. ಸಿ.ಡಿ. ಇಲ್ಲದ, ಹಿಂದಕ್ಕೆ ಹೆಚ್ಚು ಚಾಚಿಕೊಳ್ಳದ ಯೂನಿಟ್ಟನ್ನು ತೆಗೆದುಕೊಂಡದ್ದರ ಲಾಭ ಕಡೆಯಲ್ಲಿ ತಿಳಿಯಿತು: ಅದರ ಬೆನ್ನಿಗೆ ಉಳಿದ ಜಾಗವೆಲ್ಲ ತಂತಿಗಳಿಗೆ ಬೇಕೇ ಬೇಕಾಯಿತು.

ಕೆಲಸದ ಮುಕ್ಕಾಲು ಪಾಲು ನಡೆದದ್ದು ಕಾರಿನಲ್ಲಲ್ಲ, ಅಡುಗೆಮನೆಯ ಮೇಜಿನ ಮೇಲೆ. ಟೊಯೋಟಾದ ರೇಡಿಯೋ ಹಿಂದಿನ ಹತ್ತು ಮತ್ತು ಆರು ಪಿನ್ನಿನ ಪ್ಲಗ್ಗುಗಳಿಗೆ ಎದುರಾಗಿ ಕೂರುವ ಅಡಾಪ್ಟರ್ ಹಾರ್ನೆಸ್ ಒಂದು ಸಿಗುತ್ತದೆ. ನಾನು ತಂದದ್ದು ಮೆಟ್ರಾ ಕಂಪನಿಯ 70-1761. ಅದರ ಒಂದು ತುದಿ ಕಾರಿನ ಪ್ಲಗ್ಗಿಗೆ ಕೂರುತ್ತದೆ, ಇನ್ನೊಂದು ತುದಿಯ ಬಿಡಿ ತಂತಿಗಳನ್ನು ಹೊಸ ಯೂನಿಟ್ಟಿನ ತಂತಿಗಳಿಗೆ ಬಣ್ಣ ನೋಡಿ ಜೋಡಿಸಬೇಕು. ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್, ಯೂನಿಟ್ಟಿನ ನೆನಪು ಉಳಿಯುವುದು ಇದರಿಂದ. ಕೆಂಪು, ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತು. ಕಪ್ಪು ಅರ್ತ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಇವುಗಳಲ್ಲಿ ಕಪ್ಪು ಗೆರೆ ಇರುವುದು ಆಯಾ ಸ್ಪೀಕರಿನ ಋಣ, ಅಂದರೆ ನೆಗೆಟಿವ್ ತಂತಿ. ಸ್ಪೀಕರಿನ ಋಣವೂ ಅರ್ತ್ ಅಲ್ಲವೇ ಎಂದು ಅದನ್ನು ಕಾರಿನ ಮೈಗೆ ಜೋಡಿಸುವ ತಪ್ಪನ್ನು ಮಾತ್ರ ಯಾರೂ ಮಾಡಬಾರದು. ಈಗಿನ ಯೂನಿಟ್ಟುಗಳಲ್ಲಿ ಎರಡೂ ತಂತಿಗಳನ್ನು ಒಳಗಿನ ಆಂಪ್ಲಿಫೈಯರೇ ನಡೆಸುವುದರಿಂದ ಹಾಗೆ ಜೋಡಿಸಿದರೆ ಅದು ಸುಟ್ಟುಹೋಗಬಹುದು.

ತಂತಿಗಳನ್ನು ಬೆಸುಗೆ ಹಾಕುವುದೋ, ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಹಿಸುಕಿ ಬಿಗಿದು ಕ್ರಿಂಪ್ ಮಾಡುವುದೋ ಎಂಬುದು ಮುಗಿಯದ ಜಗಳ. ಬೆಸುಗೆ ಹಾಕಿದ ತಂತಿ ಬೆಸುಗೆ ಮುಗಿಯುವ ಕಡೆ ಬಿರುಸಾಗಿ, ಸದಾ ಅದುರುವ ಜಾಗದಲ್ಲಿ ಅಲ್ಲೇ ಮುರಿಯುವ ಸಂಭವವಿದೆ. ಗಡಸು ಸಸ್ಪೆನ್ಷನ್ನಿನ ಈ ಕಾರಿನಲ್ಲಿ ಅದುರುವಿಕೆಗೇನೂ ಬರವಿಲ್ಲ. ಆದ್ದರಿಂದ ರ‍್ಯಾಚೆಟ್ ಇರುವ ಕ್ರಿಂಪ್ ಇಕ್ಕಳ, ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯುವ ತೊಗಟೆಯ ಕನೆಕ್ಟರುಗಳು ನನ್ನ ಆಯ್ಕೆಯಾದವು. ಒಂದೊಂದು ಜೋಡಣೆಯನ್ನೂ ಒತ್ತಿದ ಮೇಲೆ ಎರಡು ಕಡೆ ಹಿಡಿದು ಎಳೆದು ನೋಡಿದೆ. ಎಲ್ಲವನ್ನೂ ಎಳೆದು ನೋಡಿದೆ ಎಂದು ಬರೆಯುವ ಆಸೆಯಿತ್ತು, ಆದರೆ ಕೊನೆಯ ಎರಡನ್ನು ಊಟದ ಹೊತ್ತಾಯಿತೆಂದು ಹಾಗೇ ಬಿಟ್ಟೆ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಮರುದಿನ ಬೆಳಗ್ಗೆ ಕಾರಿಗೆ ಕೈ ಹಾಕಿದೆ. ಮೇ ತಿಂಗಳಿನವರೆಗೆ ಕಾದದ್ದಕ್ಕೆ ಕಾರಣವಿದೆ: ಚಳಿಗೆ ಪ್ಲಾಸ್ಟಿಕ್ ಪೆಡಸಾಗಿ, ಬೇಸಗೆಯಲ್ಲಿ ಬಾಗುವ ಕ್ಲಿಪ್ಪುಗಳು ಜನವರಿಯಲ್ಲಿ ಪಟ್ಟೆಂದು ಮುರಿಯುತ್ತವೆ. ಬ್ಯಾಟರಿಯ ಋಣ ತುದಿಯನ್ನು ಬಿಚ್ಚುವ ಮೊದಲು ಎರಡೂ ಕಿಟಕಿಗಳನ್ನು ಪೂರ್ತಿ ಇಳಿಸಿದೆ. ಈ ಕಾರಿನ ಬಾಗಿಲುಗಳಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ಬಾಗಿಲು ತೆರೆಯುವಾಗ ಗಾಜು ತಾನಾಗಿ ಒಂದಿಷ್ಟು ಇಳಿದು, ಮುಚ್ಚಿದ ಮೇಲೆ ಏರಿ ರಬ್ಬರಿನೊಳಗೆ ಕೂರುತ್ತದೆ. ಬ್ಯಾಟರಿ ಇಲ್ಲದಾಗ ಆ ಇಳಿಯುವಿಕೆ ನಡೆಯುವುದಿಲ್ಲ, ಏರಿಸಿದ ಗಾಜಿನ ಬಾಗಿಲನ್ನು ಬಡಿದು ಮುಚ್ಚಿದರೆ ಗಾಜಿಗೂ ರಬ್ಬರಿಗೂ ಪೆಟ್ಟು. ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಉಳಿದ ವಿದ್ಯುತ್ತು ಆರಲೆಂದು ಟೊಯೋಟಾದ ಕೈಪಿಡಿಗಳು ಹೇಳುವ 90 ಸೆಕೆಂಡಿನ ಬದಲು ನಾನು ಒಂದು ಕಾಫಿಯಷ್ಟು ಹೊತ್ತು ಬಿಟ್ಟೆ.

ಗೇರನ್ನು ನಾಲ್ಕಕ್ಕೆ ಹಾಕಿದರೆ ಕೋಲು ಹಿಂದಕ್ಕೆ ಸರಿದು ಕೈಯಾಡಿಸಲು ಜಾಗವಾಗುತ್ತದೆ. ರೇಡಿಯೋದ ಸುತ್ತಲಿನ ಪಟ್ಟಿಯನ್ನು ಪ್ಲಾಸ್ಟಿಕ್ಕಿನ ಮೀಟುಗೋಲಿನಿಂದ ಅಂಚಿನಲ್ಲಿ ಎಬ್ಬಿಸಿ, ನೇರವಾಗಿ ನಮ್ಮ ಕಡೆಗೆ ಎಳೆಯಬೇಕು. ಅದು ಬಿಟ್ಟುಕೊಡುವಾಗಿನ ಸದ್ದು ಕೇಳಿ ಏನೋ ಮುರಿಯಿತೆಂದೇ ನಂಬಿದ್ದೆ, ಮುರಿದಿರಲಿಲ್ಲ. ಪಟ್ಟಿಯ ಬೆನ್ನಿಗೆ ಹಜಾರ್ಡ್ ದೀಪದ ಗುಂಡಿಯ ಪ್ಲಗ್ಗು ಇರುವುದರಿಂದ ಪೂರ್ತಿ ಕಿತ್ತು ದೂರ ಎಸೆಯುವ ಉತ್ಸಾಹ ಬೇಡ. ಅದರ ಹಿಂದೆ ರೇಡಿಯೋವನ್ನು ಹಿಡಿದಿರುವುದು 10 ಮಿಲಿಮೀಟರ್ ತಲೆಯ ನಾಲ್ಕು ಬೋಲ್ಟುಗಳು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಸಾಕೆಟ್ಟಿನಿಂದ ಜಾರಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಎಲ್ಲೋ ಠಣ್ಣೆಂದು ಬಿತ್ತು. ಅದನ್ನು ಅಲ್ಲೇ ಬಿಟ್ಟರೆ ಪ್ರತಿ ತಿರುವಿನಲ್ಲೂ ಉರುಳಿ ಸದ್ದು ಮಾಡುತ್ತದೆಂಬುದು ಗೊತ್ತಿದ್ದರಿಂದ, ಅಯಸ್ಕಾಂತದ ಕಡ್ಡಿ ಹಿಡಿದು ಗಾಳದಲ್ಲಿ ಮೀನು ಹಿಡಿಯುವವನಂತೆ ನಲವತ್ತು ನಿಮಿಷ ಕುಳಿತೆ.

ಹಳೆಯ ರೇಡಿಯೋದ ಎರಡು ಬದಿಯ ಲೋಹದ ಬ್ರ್ಯಾಕೆಟ್ಟುಗಳನ್ನೇ ಬಿಚ್ಚಿ ಹೊಸದಕ್ಕೆ ತೊಡಿಸಿದೆ. ಇಲ್ಲಿ ಸ್ಕ್ರೂವಿನ ಉದ್ದ ಮುಖ್ಯ. ನನ್ನ ಯೂನಿಟ್ಟಿನ ಜೊತೆ ಬಂದದ್ದು 8 ಮಿಲಿಮೀಟರಿನವು, ಕೈಗೆ ಸಿಕ್ಕಿದ ಉದ್ದನೆಯ ಸ್ಕ್ರೂ ಹಾಕಿದರೆ ಅದು ಒಳಗಿನ ಸರ್ಕ್ಯೂಟನ್ನು ಚುಚ್ಚಬಹುದು.

ಇನ್ನು ನನ್ನ ನಿಯಮಕ್ಕೆ ಪರೀಕ್ಷೆ ಒಡ್ಡಿದ ಎರಡು ತಂತಿಗಳು. ಯೂನಿಟ್ಟಿನ ತಿಳಿಹಸಿರು ತಂತಿ ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕು. ಬ್ರೇಕು ಎಳೆದಾಗ ಆ ಸ್ವಿಚ್ಚು ಅರ್ತಿಗೆ ತಾಗುತ್ತದೆ, ಆಗ ಮಾತ್ರ ಯೂನಿಟ್ಟು ವೀಡಿಯೋವನ್ನೂ ಕೆಲವು ಸೆಟ್ಟಿಂಗುಗಳನ್ನೂ ತೆರೆಯುತ್ತದೆ. ಬಹಳ ಜನ ಇದನ್ನು ನೇರವಾಗಿ ಅರ್ತಿಗೆ ಜೋಡಿಸಿ ಕೈ ತೊಳೆದುಕೊಳ್ಳುತ್ತಾರೆ. ಓಡುವ ಕಾರಿನಲ್ಲಿ ಚಾಲಕನ ಕಣ್ಣಮುಂದೆ ಸಿನಿಮಾ ಓಡುವ ವ್ಯವಸ್ಥೆಯನ್ನು ನನ್ನ ಕೈಯಾರೆ ಮಾಡಲು ಮನಸ್ಸಾಗಲಿಲ್ಲ. ಇನ್ನೊಂದು, ಡಿಕ್ಕಿಯಲ್ಲಿರುವ ರಿವರ್ಸ್ ದೀಪದ ತಂತಿ. ಕ್ಯಾಮೆರಾಕ್ಕೆ ವಿದ್ಯುತ್ತು ಸಿಗುವುದು ಅಲ್ಲಿಂದ. ಎರಡನ್ನೂ ಕತ್ತರಿಸದೆ, ತೊಗಟೆಯನ್ನು ಸಣ್ಣ ಸೂಜಿಯಿಂದ ಚುಚ್ಚಿ ತಾಮ್ರವನ್ನು ಮುಟ್ಟುವ ಟ್ಯಾಪ್ ಕನೆಕ್ಟರ್ ಬಳಸಿದೆ. ಚುಚ್ಚಿದ್ದು ನಿಜ, ಕತ್ತರಿಸಿದ್ದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಂಬರ್ ಪ್ಲೇಟಿನ ಮೇಲೆ ಕೂತ ಕ್ಯಾಮೆರಾದಿಂದ ವೀಡಿಯೋ ತಂತಿಯನ್ನು ಹಿಂದಿನ ಸೀಟಿನ ಅಡಿಯಿಂದ, ಬಾಗಿಲಿನ ಹೊಸ್ತಿಲ ಪಟ್ಟಿಯ ಕೆಳಗೆ ಮುಂದಕ್ಕೆ ತಂದೆ. ಈ ತಂತಿಯ ಎರಡೂ ತುದಿಗಳಲ್ಲಿ ಎಳೆಯಂತಹ ಒಂದು ಕೆಂಪು ತಂತಿ ಹೊರಬಂದಿರುತ್ತದೆ, ಹಲವರು ಅದನ್ನು ಕತ್ತರಿಸಿ ಎಸೆಯುತ್ತಾರೆ. ಡಿಕ್ಕಿಯ ಕಡೆ ರಿವರ್ಸ್ ದೀಪಕ್ಕೂ, ಮುಂದೆ ಯೂನಿಟ್ಟಿನ ನೇರಳೆ-ಬಿಳಿ ತಂತಿಗೂ ಅದನ್ನು ಜೋಡಿಸಿದರೆ ರಿವರ್ಸ್ ಹಾಕಿದೊಡನೆ ಪರದೆಗೆ ಸೂಚನೆ ತಲುಪುತ್ತದೆ, ಬೇರೆ ತಂತಿ ಎಳೆಯುವ ಕೆಲಸವೇ ಉಳಿಯುವುದಿಲ್ಲ. ಮೈಕನ್ನು ಗಾಜಿನ ಪಕ್ಕದ ಕಂಬಕ್ಕೆ ಅಂಟಿಸುವ ಯೋಚನೆಯನ್ನು ಮಾತ್ರ ಕೈಬಿಟ್ಟೆ. ಅಲ್ಲಿಂದ ಬಿಚ್ಚಿಕೊಳ್ಳುವ ಏರ್‌ಬ್ಯಾಗಿನ ದಾರಿಯಲ್ಲಿ ತಂತಿಯೋ ಮೈಕೋ ಇರಬಾರದು. ಅದು ಈಗ ಸ್ಟೀರಿಂಗಿನ ದಿಂಡಿನ ಮೇಲಿದೆ, ಮೈಸೂರಿನಿಂದ ಕರೆ ಮಾಡುವ ಅಮ್ಮ ನನ್ನ ದನಿ ಸ್ಪಷ್ಟವಾಗಿಯೇ ಕೇಳುತ್ತದೆ ಎನ್ನುತ್ತಾರೆ.

ಎಲ್ಲವನ್ನೂ ಬೋಲ್ಟು ಬಿಗಿಯುವ ಮೊದಲೇ ಪರೀಕ್ಷಿಸಬೇಕು. ಬಿಚ್ಚಿದ ಪ್ಲಗ್ಗುಗಳನ್ನೆಲ್ಲ ಸೇರಿಸಿ, ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿದೆ. ಪರದೆ ಬೆಳಗಿತು, ಫೋನು ಸೇರಿತು, ಹಾಡು ಬಂತು, ಆದರೆ ಮುಂದಿನ ಎಡಗಡೆ ಮೌನ. ಸ್ಪೀಕರೇ ಕೆಟ್ಟಿತೋ ಎಂಬ ಭಯದಲ್ಲಿ ಬ್ಯಾಟರಿ ಬಿಚ್ಚಿ, ಯೂನಿಟ್ಟಿನ ಪ್ಲಗ್ಗು ಕಿತ್ತು, ಮಲ್ಟಿಮೀಟರಿನಲ್ಲಿ ಓಮ್ ಅಳೆದೆ. ಬೂದು ಜೋಡಿಯಲ್ಲಿ ಕೆಲವೇ ಓಮ್ ತೋರಿಸಿದ ಮೀಟರು ಬಿಳಿ ಜೋಡಿಯಲ್ಲಿ ಏನನ್ನೂ ತೋರಿಸಲಿಲ್ಲ. ಕನೆಕ್ಟರಿನ ಈಚೆ, ಕಾರಿನ ಕಡೆಯ ಅಡಾಪ್ಟರ್ ತಂತಿಯಲ್ಲೇ ಅಳೆದಾಗ ಸರಿಯಾದ ಅಂಕಿ ಬಂತು. ಎಂದರೆ ಸ್ಪೀಕರ್ ಚೆನ್ನಾಗಿದೆ, ತಪ್ಪು ನನ್ನ ಜೋಡಣೆಯದು. ಊಟದ ಅವಸರದಲ್ಲಿ ತೊಗಟೆಯನ್ನು ಸಾಕಷ್ಟು ಸುಲಿಯದೆ, ತಾಮ್ರದ ಬದಲು ತೊಗಟೆಯನ್ನೇ ಕ್ರಿಂಪಿನಲ್ಲಿ ಹಿಸುಕಿದ್ದೆ. ಒಂದು ಎಳೆತಕ್ಕೆ ತಂತಿ ಕೈಗೇ ಬಂತು.

ಕ್ಯಾಮೆರಾದ ಚಿತ್ರವೂ ಮೊದಲು ಎಡಬಲ ತಿರುಗಿ ಮುಂದಿನ ಕ್ಯಾಮೆರಾದಂತೆ ಕಂಡಿತು. ಅದರ ತಂತಿಯಲ್ಲಿದ್ದ ಒಂದು ಪುಟ್ಟ ಉಂಗುರದಂತಹ ಕುಣಿಕೆಯನ್ನು ಕತ್ತರಿಸಿದಾಗ ಕನ್ನಡಿಯ ನೋಟ ಬಂತು. ಅದು ಕ್ಯಾಮೆರಾದ ತಂತಿ, ಕಾರಿನದಲ್ಲ. ಕಿಟಕಿಗಳು ತಮ್ಮ ಏರಿಳಿತವನ್ನು ಮರೆತಿದ್ದವು. ಗಾಜನ್ನು ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡು ಹಾಗೇ ಎತ್ತಿ ಹಿಡಿದಾಗ ಮತ್ತೆ ಕಲಿತವು.

ಯೂನಿಟ್ಟಿನ ಹಿಂದಿನ ತಂತಿಗಳ ಗಂಟನ್ನು ಬಟ್ಟೆಯ ಟೇಪಿನಲ್ಲಿ ಸುತ್ತಿ ಕೆಳಗಿನ ಖಾಲಿ ಜಾಗಕ್ಕೆ ಇಳಿಬಿಟ್ಟೆ. ಆದರೂ ಮೊದಲ ವಾರ 3,000 ಆರ್‌ಪಿಎಂ ಹತ್ತಿರ ಎಲ್ಲೋ ಜೀರುಂಡೆಯಂತಹ ಸದ್ದು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಒಂದೊಂದೇ ಪಟ್ಟಿಯನ್ನು ಒತ್ತುತ್ತಾ, ನಾನು ಅದೇ ವೇಗದಲ್ಲಿ ಓಡಿಸುತ್ತಾ ಹೋದಾಗ ಸಿಕ್ಕಿಬಿದ್ದದ್ದು ಬಲಬದಿಯ ಆ ಅಗ್ಗದ ಪ್ಲಾಸ್ಟಿಕ್ ಪಟ್ಟಿ. ಅದರ ಬೆನ್ನಿಗೆ ಬೆರಳಗಲ ಫೆಲ್ಟ್ ಅಂಟಿಸಿದ ಮೇಲೆ ಸದ್ದಿಲ್ಲ. ಹಳೆಯ ರೇಡಿಯೋ ಖಾಲಿ ಚೌಕಗಳಾಗಿ ತೋರಿಸುತ್ತಿದ್ದ ಕನ್ನಡ ಹಾಡುಗಳ ಹೆಸರುಗಳು ಈಗ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತವೆ, ಏಕೆಂದರೆ ಕಾರ್‌ಪ್ಲೇಯಲ್ಲಿ ಅಕ್ಷರಗಳನ್ನು ಮೂಡಿಸುವುದು ಫೋನೇ. ಹಳೆಯ ರೇಡಿಯೋ ತನ್ನ ಸ್ಕ್ರೂಗಳ ಪೊಟ್ಟಣದ ಜೊತೆಗೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ.