‘ನಾನಾಗಿ ಬಂದಿಲ್ಲ’ ಎನ್ನುವ ಮಕ್ಕಳ ಜೊತೆ

ನಾನು ಮನೋಚಿಕಿತ್ಸಕಿ. ನನ್ನ ಹತ್ತಿರ ಬರುವ ಹದಿಹರೆಯದವರಲ್ಲಿ ತಾವಾಗಿಯೇ ಬಂದವರು ಕಡಿಮೆ. ಅಪ್ಪ ಅಮ್ಮ ಕರೆತಂದಿರುತ್ತಾರೆ, ಇಲ್ಲವೇ ಶಾಲೆಯವರು ‘ಯಾರಿಗಾದರೂ ತೋರಿಸಿ’ ಎಂದು ಕಳಿಸಿರುತ್ತಾರೆ. ಬೆಂಗಳೂರಿನ ಜಯನಗರದ ನನ್ನ ಕ್ಲಿನಿಕ್ಕಿಗೆ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆಗಳ ಹೊತ್ತಿಗೆ ಫೋನುಗಳು ಹೆಚ್ಚುತ್ತವೆ. ಕಾಲೇಜು ಶುರುವಾಗಿ ಕೆಲವು ತಿಂಗಳಿಗೆ ಪಿಯುಸಿ ಮಕ್ಕಳ ಸರದಿ. ‘ಮೇಡಂ, ನಮ್ಮ ಮಾತಂತೂ ಕೇಳಲ್ಲ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ’ ಎನ್ನುವುದು ಹೆತ್ತವರ ಮೊದಲ ಬೇಡಿಕೆ. ಬುದ್ಧಿ ಹೇಳುವವರು ಆ ಮಗುವಿನ ಸುತ್ತ ಆಗಲೇ ಸಾಕಷ್ಟು ಜನ ಇರುತ್ತಾರೆ. ಮನೆಯವರ ಚಿಂತೆಗಾಗಿ ಬಂದು ಕೂತ ಮಗುವಿಗೆ ಇಲ್ಲಿ ತನಗೆ ಬೇಕಾದದ್ದು ಏನಾದರೂ ಇದೆಯೇ ಎಂದು ಹುಡುಕುವುದು ನನ್ನ ಮೊದಲ ಕೆಲಸ. ಜೀವಕ್ಕೆ ಅಪಾಯವಿದ್ದರೆ ಮಾತು ಬೇರೆ. ಇಲ್ಲದಿದ್ದರೆ, ಅದು ಸಿಗುವವರೆಗೆ ನಾನು ಯಾವ ಚಿಕಿತ್ಸೆಗೂ ಕೈ ಹಾಕುವುದಿಲ್ಲ.

ಕರೆತರುವುದು ಸರಿಯೇ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂತು. ಐವತ್ತು ಮಕ್ಕಳ ಒಂದು ತರಗತಿಯಲ್ಲಿ ಮೂರೋ ನಾಲ್ಕೋ ಮಕ್ಕಳು. ಅವರಲ್ಲಿ ಎಷ್ಟೋ ಜನ ಯಾವ ಕ್ಲಿನಿಕ್ಕಿನ ಬಾಗಿಲನ್ನೂ ನೋಡುವುದಿಲ್ಲ. ಆದರೆ ಹೇಗೆ ಕರೆತರುತ್ತಾರೆ ಎನ್ನುವುದರ ಮೇಲೆ ಮುಂದಿನದು ನಿಂತಿದೆ. ಅದಕ್ಕೇ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಕೇಳುತ್ತೇನೆ: ‘ಎಲ್ಲಿಗೆ ಹೋಗ್ತಿದ್ದೀವಿ ಅಂತ ಅವಳಿಗೆ ಏನು ಹೇಳಿದ್ದೀರಿ?’ ಕರಿಯರ್ ಕೌನ್ಸೆಲಿಂಗ್ ಎಂದು ಹೇಳಿರುತ್ತಾರೆ. ದೊಡ್ಡಮ್ಮನ ಮನೆಗೆ ಎಂದು ಹೊರಡಿಸಿ ದಾರಿಯಲ್ಲಿ ಇಳಿಸಿದವರೂ ಇದ್ದಾರೆ. ಸುಳ್ಳು ಹೇಳಿ ಕರೆತಂದರೆ ಆ ಸುಳ್ಳಿನಲ್ಲಿ ನನಗೂ ಪಾಲಿದೆ ಎಂದೇ ಮಗು ತಿಳಿಯುತ್ತದೆ. ‘ಮನೇಲಿ ಮಾತು ನಿಂತುಹೋಗಿದೆ, ಅದನ್ನ ಸರಿ ಮಾಡ್ಕೊಳ್ಳೋಕೆ ನಮಗೆಲ್ಲ ಸಹಾಯ ಬೇಕು. ಒಂದು ಸಲ ಬಾ, ಆಮೇಲೆ ನೀನೇ ಹೇಳು’ ಎಂದು ಹೇಳಿ ಕರೆತನ್ನಿ ಎನ್ನುತ್ತೇನೆ.

ಮೊದಲ ದಿನ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಗುಟ್ಟಿನ ವಿಷಯ ಮಾತಾಡುತ್ತೇನೆ. ಇದನ್ನು ಮಗುವಿಗೆ ಮಾತ್ರ ಹೇಳಿದರೆ ಸಾಲದು. ಅಪ್ಪ ಅಮ್ಮ ಅದಕ್ಕೆ ಹೂಂ ಎನ್ನುವುದನ್ನು ಮಗು ಕಣ್ಣಾರೆ ನೋಡಬೇಕು. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ; ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಮನೆಯವರಿಗೆ ತಿಳಿಸುತ್ತೇನೆ; ಯಾರಾದರೂ ನಿನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರೆ ಸುಮ್ಮನಿರಲು 2012ರ ಪೋಕ್ಸೊ ಕಾಯ್ದೆ ಬಿಡುವುದಿಲ್ಲ, ಪೊಲೀಸರಿಗೆ ತಿಳಿಸಲೇಬೇಕು. ಅಂಥ ಹೊತ್ತಿನಲ್ಲೂ ನಿನಗೆ ಹೇಳದೆ ಹೆಜ್ಜೆ ಇಡುವುದಿಲ್ಲ. ಇಷ್ಟನ್ನೂ ನೇರವಾಗಿ, ಮೊದಲೇ ಹೇಳುತ್ತೇನೆ. ‘ಏನು ಹೇಳಿದರೂ ಗುಟ್ಟು’ ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದು ನನ್ನ ದೃಷ್ಟಿಯಲ್ಲಿ ದ್ರೋಹ.

‘ಫೀಸು ಕೊಡೋದು ನಾವು ಮೇಡಂ, ಏನು ಮಾತಾಡಿದ ಅಂತ ನಮಗೆ ಗೊತ್ತಾಗಬಾರದಾ?’ ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. 18 ತುಂಬದ ಮಗುವಿನ ಚಿಕಿತ್ಸೆಗೆ ಹೆತ್ತವರ ಒಪ್ಪಿಗೆ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಸಾಮಾನ್ಯವಾಗಿ ಅವರನ್ನೇ ಮಗುವಿನ ಪ್ರತಿನಿಧಿ ಎಂದು ಕಾಣುತ್ತದೆ. ಅವರನ್ನು ಹೊರಗಿಟ್ಟು ಈ ಕೆಲಸ ಆಗದು. ಹಾಗಾಗಿ ಪ್ರತಿ ಸೆಷನ್ನಿನ ಕೊನೆಗೆ ಮಗುವನ್ನೇ ಕೇಳುತ್ತೇನೆ: ‘ಇವತ್ತು ಮನೆಯವರಿಗೆ ಏನು ಹೇಳೋಣ, ಏನು ಬೇಡ?’ ಅವನು ಒಪ್ಪಿದ ಒಂದೆರಡು ಮಾತನ್ನು ಅವನ ಎದುರಿಗೇ ಹೇಳುತ್ತೇನೆ. ಮಕ್ಕಳು ಗೋಡೆ ಕಟ್ಟಿಯೇ ಬಿಡುತ್ತಾರೆ ಎಂದು ಹೆತ್ತವರು ಹೆದರುತ್ತಾರೆ. ನಾನು ಕಂಡದ್ದು ಬೇರೆ: ಆಯ್ಕೆ ತಮ್ಮದು ಎಂದು ಗೊತ್ತಾದರೆ ಬಹಳ ಮಕ್ಕಳು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚನ್ನೇ ಹೇಳಲು ಬಿಡುತ್ತಾರೆ.

ಒಬ್ಬ ಹುಡುಗನ ಕತೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿ. ದ್ವಿತೀಯ ಪಿಯುಸಿ, ನೀಟ್ ಕೋಚಿಂಗ್, ವಿಜಯನಗರದ ಕಡೆ ಮನೆ. ಭಾನುವಾರದ ಟೆಸ್ಟಿಗೆ ಹೋಗುತ್ತೇನೆಂದು ಹೊರಟು ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್‌ವರೆಗೆ ಹೋಗಿ ಬರುತ್ತಿದ್ದ. ಮನೆಯಲ್ಲಿ ಗೊತ್ತಾಗಿ ರಂಪವಾಗಿತ್ತು. ನನ್ನ ಎದುರು ಕೂತು ಎಲ್ಲದಕ್ಕೂ ‘ಗೊತ್ತಿಲ್ಲ ಮ್ಯಾಮ್’. ಟೆಸ್ಟ್ ಯಾಕೆ ತಪ್ಪಿಸಿದೆ ಎಂದು ಎಲ್ಲರೂ ಕೇಳಿಯಾಗಿತ್ತು. ನಾನು ಮೆಟ್ರೊ ಬಗ್ಗೆ ಕೇಳಿದೆ. ಯಾವ ಬೋಗಿ, ಕಿಟಕಿ ಕಡೆ ನಿಲ್ಲುತ್ತೀಯಾ, ಯಾವ ಸ್ಟೇಷನ್ ದಾಟಿದ ಮೇಲೆ ಹಾಯೆನಿಸುತ್ತದೆ? ‘ಮೆಜೆಸ್ಟಿಕ್ ದಾಟಿದ ಮೇಲೆ’ ಎಂದ. ಕೋಚಿಂಗಿಗೆ ಅಲ್ಲೇ ಇಳಿಯಬೇಕಿತ್ತು. ಇಳಿಯುವ ಹೊತ್ತಿಗೆ ಎದೆ ಡವಡವ, ಕೈಬೆವರು, ಸತ್ತೇ ಹೋಗುತ್ತೇನೇನೋ ಎನ್ನುವ ಭಯ. ಸೋಮಾರಿತನ ಎಂದು ಮನೆಯವರು ತಿಳಿದದ್ದು ಪ್ಯಾನಿಕ್ ಆಗಿತ್ತು.

ಚಿಕಿತ್ಸಕರಿಗೂ ಎದುರು ಕೂತವರಿಗೂ ಮೂರು ವಿಷಯದಲ್ಲಿ ಹೊಂದಾಣಿಕೆ ಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು: ಗುರಿ, ಅದಕ್ಕಾಗಿ ಮಾಡುವ ಕೆಲಸ, ಇಬ್ಬರ ನಡುವಿನ ನಂಟು. ಹದಿಹರೆಯದವರಲ್ಲಿ ತೊಡಕಾಗುವುದು ಗುರಿಯಲ್ಲೇ. ತಂದೆಗೆ ಮಗ ಟೆಸ್ಟ್ ಬರೆಯಬೇಕಿತ್ತು. ಮಗನನ್ನು ಕೇಳಿದರೆ, ‘ರ್‍ಯಾಂಕ್ ಲಿಸ್ಟ್ ಪೇರೆಂಟ್ಸ್ ಗ್ರೂಪಲ್ಲಿ ಬಂದ ರಾತ್ರಿ ಅಪ್ಪ ರೂಮಿಗೆ ಬರಬಾರದು, ಅಷ್ಟೇ’ ಎಂದ. ನಾನು ಅದನ್ನೇ ಗುರಿ ಎಂದು ಬರೆದುಕೊಂಡೆ. ತಂದೆಗೆ ಮೊದಲು ಬೇಸರವಾಯಿತು, ಆದರೂ ವಾಟ್ಸ್ಆ್ಯಪ್ ಗ್ರೂಪಿನಿಂದ ಹೊರಗೆ ಬಂದರು. ಆಮೇಲೆಯೇ ಹುಡುಗ ತನ್ನ ಭಯದ ಕಡೆ ತಿರುಗಿದ್ದು. ಪ್ಯಾನಿಕ್ ಏರಿ ತಾನಾಗಿಯೇ ಇಳಿಯುತ್ತದೆ, ತಪ್ಪಿಸಿಕೊಂಡಷ್ಟೂ ಮುಂದಿನ ಸಲ ಬಲವಾಗುತ್ತದೆ ಎಂಬುದನ್ನು ಅವನ ಮೆಟ್ರೊ ಪ್ರಯಾಣವನ್ನೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಮೊದಲು ಮೆಜೆಸ್ಟಿಕ್‌ನಲ್ಲಿ ಇಳಿದು ಭಯ ಇಳಿಯುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲುವುದು, ಆಮೇಲೆ ಕೋಚಿಂಗಿನ ಗೇಟಿನವರೆಗೆ, ಆಮೇಲೆ ಖಾಲಿ ತರಗತಿಯಲ್ಲಿ ಕೂರುವುದು, ಕೊನೆಗೆ ಓಎಂಆರ್ ಶೀಟು ಹಿಡಿಯುವುದು. ಮೆಟ್ಟಿಲುಗಳ ಕ್ರಮ ಅವನೇ ಹಾಕಿದ. ನಾನು ಹಾಕಿಕೊಟ್ಟಿದ್ದರೆ ಅದೂ ಇನ್ನೊಂದು ಟೈಮ್‌ಟೇಬಲ್ ಆಗಿಬಿಡುತ್ತಿತ್ತು.

ಕೂರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಎದುರುಬದುರು ಕೂತರೆ ಪ್ರಿನ್ಸಿಪಾಲರ ಕೋಣೆ ನೆನಪಾಗುತ್ತದೆ. ಓರೆಯಾಗಿ ಕೂರುತ್ತೇನೆ, ನಡುವೆ ಕಾಗದ, ಪೆನ್ಸಿಲ್ ಇರುತ್ತವೆ. ಕೆಲವರಿಗೆ ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ. ಆನ್‌ಲೈನ್ ಸೆಷನ್ ಕಷ್ಟ. ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಪಕ್ಕದಲ್ಲೇ ಮಲಗಿರುವಾಗ ಯಾವ ಹುಡುಗಿ ಏನು ಮಾತಾಡಿಯಾಳು? ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡು, ನಾನು ಓದಿ ಮಾತಲ್ಲಿ ಉತ್ತರಿಸುತ್ತೇನೆ ಎನ್ನುತ್ತೇನೆ.

ಸಾಯುವ ಯೋಚನೆ ಬರುತ್ತದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳುತ್ತೇನೆ, ಸುತ್ತಿ ಬಳಸದೆ, ಅದೇ ಪದ ಬಳಸಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೊನೆಗೂ ಒಬ್ಬರು ಕೇಳಿದರು ಎಂದು ಮಗುವಿಗೆ ನಿರಾಳವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹೌದು ಎಂದರೆ ಆ ದಿನವೇ ಮನೆಯವರನ್ನು ಕೂರಿಸಿಕೊಂಡು, ಯಾರ ಜೊತೆ ಇರಬೇಕು, ಯಾರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಏನನ್ನು ಕೈಗೆ ಸಿಗದಂತೆ ಇಡಬೇಕು ಎಂದು ಬರೆದು ಕೊಡುತ್ತೇನೆ; ಮನೋವೈದ್ಯರ ಬಳಿಗೂ ಕಳಿಸುತ್ತೇನೆ. ಆ ಚೀಟಿಯಲ್ಲಿ 14416 ಇದ್ದೇ ಇರುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನಡುವೆ ಬಿಟ್ಟುಹೋಗುವವರು ಇದ್ದಾರೆ. ‘ಇನ್ನು ಸಾಕು ಮ್ಯಾಮ್’ ಎಂದು ಮಗು ಹೇಳಿ, ಅಪಾಯದ ಲಕ್ಷಣ ಏನೂ ಇಲ್ಲದಿದ್ದರೆ ನಾನು ಎಳೆಯುವುದಿಲ್ಲ. ಹೆತ್ತವರು ಒತ್ತಾಯಿಸಿದರೂ ಆ ಹೊತ್ತಿನಲ್ಲಿ ಮಗುವಿನ ಪರ ನಿಲ್ಲುತ್ತೇನೆ. ಕೊನೆಯದೊಂದು ಸೆಷನ್ ಮಾತ್ರ ಕೇಳಿಕೊಂಡು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಇಬ್ಬರೂ ಮಾತಾಡುತ್ತೇವೆ. ಹಾಗೆ ಹೋದವರಲ್ಲಿ ಕೆಲವರು ತಿಂಗಳುಗಳ ನಂತರ ತಮ್ಮದೇ ಫೋನಿನಿಂದ ಮೆಸೇಜ್ ಮಾಡುತ್ತಾರೆ. ಆಗ ಮನೆಯವರ ಒಪ್ಪಿಗೆ ಬೇಕೇ ಬೇಕು. ಅದನ್ನು ಯಾರು, ಹೇಗೆ ಕೇಳುವುದು ಎನ್ನುವುದರಿಂದಲೇ ನಮ್ಮ ಮಾತು ಮತ್ತೆ ಶುರುವಾಗುತ್ತದೆ.