ಹಳೇ ಡೀಸೆಲ್ ಎಂಜಿನ್ ಮತ್ತೆ ಗುಡುಗಿದ್ದು

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಹಳ್ಳದ ಬದಿಯಲ್ಲಿ 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಇದೆ. ಅಪ್ಪನ ಕಾಲದ್ದು. ಮಳೆಗಾಲ ಪೂರ್ತಿ ಟ್ಯಾಂಕ್ ಖಾಲಿ ಮಾಡಿ, ಟಾರ್ಪಾಲ್ ಹೊದಿಸಿ ಇಡುತ್ತೇವೆ. ಈ ಸಲ ಜನವರಿಯಲ್ಲಿ ಡೀಸೆಲ್ ತುಂಬಿ ಹ್ಯಾಂಡಲ್ ಹೊಡೆದೆ, ಹೊಡೆದೆ. ತೋಳು ಬಿದ್ದುಹೋಯಿತು ಅಷ್ಟೇ.

"ಎಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್ ಹೋಗಿದೆ, ಪೇಟೆಗೆ ಒಯ್ಯಿ ಮಾರಾಯ" ಎಂದರು ಪಕ್ಕದ ಮನೆ ಭಾವ. ನನಗೆ ಅನುಮಾನ. ಡೀಸೆಲ್ ಎಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡಕ್ಕೆ ಕಾದ ಗಾಳಿಗೆ ಡೀಸೆಲ್ ಬಿದ್ದರೆ ಉರಿಯಬೇಕು, ಉರಿಯದಿದ್ದರೂ ಬಿಳಿ ಹೊಗೆಯಾದರೂ ಬರಬೇಕು, ಅಲ್ವಾ? ಇಲ್ಲಿ ಹೊಗೆಯೇ ಇಲ್ಲ. ಅಂದರೆ ಡೀಸೆಲ್ ಒಳಗೆ ತಲುಪುತ್ತಲೇ ಇಲ್ಲ, ಖಾಲಿ ಇದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು.

ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿದೆ. ಬುಸ್ ಅಂತ ನೊರೆ. ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದೆ. ಆಮೇಲೆ ಆ ಡೀಸೆಲ್ ಪಂಪಿನ ಸ್ಕ್ರೂ, ಹಾಗೆಯೇ. ಕೊನೆಗೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನ ಪೈಪಿನ ನಟ್ ಸಡಿಲಿಸಿ, ಹ್ಯಾಂಡಲ್ ಹಗುರಾಗಲೆಂದು ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ, ತಮ್ಮನಿಗೆ ಹ್ಯಾಂಡಲ್ ತಿರುಗಿಸಲು ಹೇಳಿದೆ. (ಅಲ್ಲಿ ಬೆರಳು ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗಬಹುದು.) ನಟ್ ಬಿಗಿ ಮಾಡಿ ಮತ್ತೆ ಹೊಡೆದರೆ ಡುಗ್ ಡುಗ್ ಡುಗ್!

ಹತ್ತೇ ನಿಮಿಷ. ಮತ್ತೆ ನಿಂತಿತು.

ಎಷ್ಟು ಡೀಸೆಲ್ ಇದೆ ನೋಡೋಣ ಅಂತ ಸುಮ್ನೆ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಗೆ ಎಳೆಯಿತು. ಮುಚ್ಚಳದ ಸಣ್ಣ ತೂತಿಗೆ ಕುಂಬಾರ ಹುಳ ಮಣ್ಣು ಮೆತ್ತಿತ್ತು! ಗಾಳಿ ಒಳಗೆ ಹೋಗದೆ ಡೀಸೆಲ್ ಕೆಳಗೆ ಇಳಿಯುತ್ತಿರಲಿಲ್ಲ. ಹಿಡಿಕಡ್ಡಿಯಿಂದ ಕುಕ್ಕಿ ತೆಗೆದೆ. ಸಂಜೆವರೆಗೂ ನೀರು ಹಾರಿತು. ಭಾವ ಬೇಲಿ ಪಕ್ಕ ನಿಂತು ನೋಡಿ, ಏನೂ ಹೇಳದೆ ಹೋದರು.